ಚೋಕ್ ತೆಗೆದರೆ ನಿಲ್ಲುತ್ತಿದ್ದ ಪೆಟ್ರೋಲ್ ಪಂಪ್

ಅಫಜಲಪುರ ಕಡೆ ಭೀಮಾ ದಂಡೆಯಿಂದ ಹೊಲಕ್ಕೆ ನೀರೆತ್ತುವ ನಮ್ಮ ಫೋರ್ ಸ್ಟ್ರೋಕ್ ಪಂಪ್ ಚೋಕ್ (ಎಂಜಿನ್‌ಗೆ ಹೋಗುವ ಗಾಳಿ ಕಡಿಮೆ ಮಾಡುವ ಮುಚ್ಚಳ) ಹಾಕಿದರೆ ಮಾತ್ರ ಓಡುತ್ತಿತ್ತು. ಚೋಕ್ ತೆಗೆದ ಕೂಡಲೇ ಬಂದ್. ಮಳೆಗಾಲ ಪೂರ್ತಿ ಸುಮ್ನೆ ನಿಂತಿದ್ದ ಮಷಿನ್ ಇದು.

ಕಿಡಿ ಕೊಡುವ ಪ್ಲಗ್ ಹೊಸದು ಹಾಕಿದೆ, 0.7 ಮಿ.ಮೀ. ಗ್ಯಾಪ್. ಏರ್ ಫಿಲ್ಟರ್ ತೊಳೆದೆ. ಪೆಟ್ರೋಲ್ ಬದಲಿಸಿದೆ. ಗಾಳಿ, ಪೆಟ್ರೋಲ್ ಬೆರೆಸುವ ಕಾರ್ಬುರೇಟರ್‌ಗೆ ಹೊರಗಿನಿಂದ ಕ್ಲೀನರ್ ಸ್ಪ್ರೇ ಹೊಡೆದೆ. ಉಪಯೋಗವಾಗಲಿಲ್ಲ. ಚೋಕ್‌ನಲ್ಲಿ ಮಾತ್ರ ಓಡುತ್ತದೆ ಅಂದರೆ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಅಂತಲೇ ಅಲ್ವಾ?

ಪೆಟ್ರೋಲ್ ಕಾಕ್ ಬಂದ್ ಮಾಡಿ, ಕಾರ್ಬುರೇಟರ್ ಕೆಳಗಿನ 10 ಎಂಎಂ ಬೋಲ್ಟ್ ಬಿಚ್ಚಿ ಬೌಲ್ (ಪೆಟ್ರೋಲ್ ನಿಲ್ಲುವ ಬಟ್ಟಲು) ತೆಗೆಯಿರಿ. ಪಿನ್ ಎಳೆದರೆ ತೇಲುವ ಫ್ಲೋಟ್, ಪೆಟ್ರೋಲ್ ತಡೆಯುವ ನೀಡಲ್ ಒಟ್ಟಿಗೆ ಬರುತ್ತವೆ. ನಡುವಿನ ಮೇನ್ ಜೆಟ್ (ಪೆಟ್ರೋಲ್ ಹಾಯುವ ಸಣ್ಣ ತೂತಿನ ಸ್ಕ್ರೂ) ಹಿತ್ತಾಳೆಯದು. ಸೀಳಿಗೆ ಸರಿಯಾಗಿ ಕೂರುವ ಸ್ಕ್ರೂಡ್ರೈವರ್‌ನಿಂದಲೇ ಬಿಚ್ಚಿ. ಅಷ್ಟಕ್ಕೇ ನಿಲ್ಲಿಸಬೇಡಿ. ಜೆಟ್ ಹಿಂದೆ ತೂತು ತೂತಿನ ಸಣ್ಣ ಕೊಳವೆ ಇದೆ, ಮೆಲ್ಲಗೆ ತಟ್ಟಿದರೆ ಬೀಳುತ್ತದೆ. ಕಸ ಕೂತಿದ್ದು ಅದರ ಪಕ್ಕದ ತೂತುಗಳಲ್ಲಿ. ವೈರಿನ ಒಂದೇ ತಾಮ್ರದ ಎಳೆಯಿಂದ ಪ್ರತಿ ತೂತು ಬಿಡಿಸಿದೆ. ಉಕ್ಕಿನ ಸೂಜಿ ಬೇಡ, ತೂತು ದೊಡ್ಡದಾಗುತ್ತದೆ. ಆಮೇಲೆ ಕ್ಲೀನರ್, ಪಂಕ್ಚರ್ ಅಂಗಡಿಯ ಗಾಳಿ. ಕೂರಿಸುವಾಗ ಮೊದಲು ಕೊಳವೆ, ನಂತರ ಜೆಟ್, ಫ್ಲೋಟ್, ಬೌಲ್. ಚೋಕ್ ತೆಗೆದರೂ ಓಡಿತು.

ಈಗ ಎತ್ತಿಡುವ ಮುಂಚೆ, ಪೆಟ್ರೋಲ್ ನಿಂತು ಮತ್ತೆ ಕಸ ಕೂರದಂತೆ, ನೀರು ಎತ್ತುತ್ತಿರುವಾಗಲೇ ಕಾಕ್ ಮುಚ್ಚಿ ಎಂಜಿನ್ ತಾನೇ ನಿಲ್ಲುವವರೆಗೆ ಓಡಿಸಿ ಬೌಲ್ ಖಾಲಿ ಮಾಡುತ್ತೇನೆ. ನೀರಿಲ್ಲದೆ ಓಡಿಸಿದರೆ ಪಂಪಿನ ಸೀಲ್ ಸುಡುತ್ತದೆ.