ಕೇಪೊ ಹಾಕಿದಾಗ ಗಿಟಾರಿನ ಶ್ರುತಿ ಕೆಡದಂತೆ ನೋಡಿಕೊಳ್ಳುವುದು ಹೇಗೆ?

ಭಾವಗೀತೆ ಹಾಡುವವರು ತಮ್ಮ ಶ್ರುತಿ ‘ಕಪ್ಪು ಒಂದು’ (ಹಾರ್ಮೋನಿಯಂನ ಮೊದಲ ಕಪ್ಪು ಮನೆ, ಸಿ ಶಾರ್ಪ್) ಎಂದರೆ, ಸಿ ಕಾರ್ಡ್‌ಗಳಲ್ಲಿ (ಸ್ವರಗುಚ್ಛಗಳಲ್ಲಿ) ಕೈ ಪಳಗಿದ ಗಿಟಾರ್ ವಾದಕರು ಮೊದಲ ಫ್ರೆಟ್‌ಗೆ (ಕುತ್ತಿಗೆಯ ಮೇಲಿನ ಲೋಹದ ಅಡ್ಡಪಟ್ಟಿ) ಕೇಪೊ, ಅಂದರೆ ಎಲ್ಲ ತಂತಿಗಳನ್ನೂ ಒಟ್ಟಿಗೆ ಒತ್ತಿಹಿಡಿಯುವ ಕ್ಲಿಪ್, ಹಾಕಿ, ಅದೇ ಬೆರಳುಗಾರಿಕೆಯಲ್ಲಿ ಸಿ ಶಾರ್ಪ್ ನುಡಿಸುತ್ತಾರೆ. ಆದರೆ ಕೇಪೊ ಹಾಕಿದ ಕೂಡಲೇ ಗಿಟಾರ್ ಹಾರ್ಮೋನಿಯಂ ಜೊತೆ ಕೂಡದೆ ಹೋಗುವುದುಂಟು. ಆಗ ಬಹಳಷ್ಟು ಜನ ನೇರವಾಗಿ ತಂತಿ ಬಿಗಿಯುವ ಬಿರಡೆ ತಿರುಗಿಸುತ್ತಾರೆ. ಮೊದಲು ಸರಿಪಡಿಸಬೇಕಾದದ್ದು ಕೇಪೊವನ್ನು.

ಕೇಪೊ ತಂತಿಯನ್ನು ಫ್ರೆಟ್‌ನ ಹಿಂದೆ ಮರದ ಕಡೆಗೆ ಒತ್ತುತ್ತದೆ. ಒತ್ತಿದಷ್ಟೂ ತಂತಿ ಬಿಗಿಯಾಗಿ ಶ್ರುತಿ ಏರುತ್ತದೆ, ಮತ್ತು ಆರು ತಂತಿಗಳ ದಪ್ಪ ಬೇರೆ ಬೇರೆಯಾದ್ದರಿಂದ ಈ ಏರಿಕೆ ಎಲ್ಲದರಲ್ಲೂ ಒಂದೇ ಸಮನಾಗಿರುವುದಿಲ್ಲ.

ಆದ್ದರಿಂದ ಮೊದಲು ಕೇಪೊ ಇಲ್ಲದೆಯೇ ದಪ್ಪ ತಂತಿಯಿಂದ ಆರಂಭಿಸಿ ಇ, ಎ, ಡಿ, ಜಿ, ಬಿ, ಇ ಎಂದು ಶ್ರುತಿ ಮಾಡಿಕೊಳ್ಳಿ. ಶ್ರುತಿ ತೋರಿಸುವ ಟ್ಯೂನರ್‌ನಲ್ಲಿ ಎ ಸ್ವರವನ್ನು 440 ಹರ್ಟ್ಜ್‌ಗೆ ಹೊಂದಿಸಿದ್ದರೆ ಐದನೆಯ ತಂತಿ (ತಂತಿಗಳ ಎಣಿಕೆ ತೆಳು ತಂತಿಯಿಂದ, ಹಾಗಾಗಿ ಇದು ದಪ್ಪ ಕಡೆಯ ಎ) 110 ಹರ್ಟ್ಜ್‌ನಲ್ಲಿ ನಿಲ್ಲಬೇಕು. ಜೊತೆಗಿರುವ ಹಾರ್ಮೋನಿಯಂ ಈ ಅಳತೆಯಲ್ಲಿಲ್ಲದಿದ್ದರೆ ಗಿಟಾರನ್ನೇ ಅದಕ್ಕೆ ಹೊಂದಿಸಬೇಕು, ಏಕೆಂದರೆ ಹಾರ್ಮೋನಿಯಂನ ರೀಡುಗಳನ್ನು ಕೂತಲ್ಲೇ ಬದಲಿಸಲಾಗದು.

ಶ್ರುತಿಯನ್ನು ಯಾವಾಗಲೂ ಕೆಳಗಿನಿಂದ ಮೇಲಕ್ಕೆ ತನ್ನಿ. ತಂತಿ ಹೆಚ್ಚು ಏರಿದ್ದರೆ, ಬೇಕಾದ ಸ್ವರಕ್ಕಿಂತ ಕೆಳಕ್ಕೆ ಇಳಿಸಿ ಮತ್ತೆ ಬಿಗಿಯುತ್ತಾ ಬನ್ನಿ. ಇಳಿಸಿ ಅಲ್ಲಿಗೇ ಬಿಟ್ಟರೆ ಬಿರಡೆಯ ಹಲ್ಲುಗಳ ಸಡಿಲು ಉಳಿದು, ನುಡಿಸುವಾಗ ತಂತಿ ಇನ್ನಷ್ಟು ಇಳಿಯುತ್ತದೆ. ಬಿರಡೆ ತಿರುಗಿಸುವಾಗ ‘ಟಿಂಕ್’ ಎಂಬ ಸದ್ದು ಬಂದು ಸ್ವರ ಒಮ್ಮೆಲೇ ಜಿಗಿದರೆ, ಕುತ್ತಿಗೆಯ ತುದಿಯಲ್ಲಿರುವ ನಟ್ ಎಂಬ ಪಟ್ಟಿಯ ತೋಡಿನಲ್ಲಿ ತಂತಿ ಸಿಕ್ಕಿಕೊಳ್ಳುತ್ತಿದೆ ಎಂದರ್ಥ. ತಂತಿಯನ್ನು ಸಡಿಲಿಸಿ ಪಕ್ಕಕ್ಕೆ ಸರಿಸಿ, ಆ ತೋಡಿನಲ್ಲಿ ಮೆತ್ತನೆಯ ಪೆನ್ಸಿಲ್ಲಿನ ಮೊನೆಯನ್ನು ನಾಲ್ಕಾರು ಬಾರಿ ಎಳೆಯಿರಿ. ಖರ್ಚಿಲ್ಲದ ಈ ಉಪಾಯಕ್ಕೆ ಸಮನಾದುದು ಮತ್ತೊಂದಿಲ್ಲವೆಂಬುದು ನನ್ನ ಅನುಭವ.

ಕೇಪೊವನ್ನು ಫ್ರೆಟ್‌ನ ಲೋಹಕ್ಕೆ ಹಿಂಬದಿಯಲ್ಲಿ, ತೀರಾ ಹತ್ತಿರವಾಗಿ ಮತ್ತು ಅದಕ್ಕೆ ಸಮಾನಾಂತರವಾಗಿ ಕೂರಿಸಿ. ಸ್ಕ್ರೂ ಇರುವ ಕೇಪೊ ಆಗಿದ್ದರೆ ತಂತಿ ‘ಜುಂಯ್’ ಎನ್ನದಿರುವಷ್ಟು ಮಾತ್ರ ಬಿಗಿಯಿರಿ. ಸ್ಪ್ರಿಂಗ್ ಕೇಪೊದಲ್ಲಿ ಈ ಹಿಡಿತ ನಮ್ಮ ಕೈಯಲ್ಲಿಲ್ಲ. ಹಾಕುವಾಗ ತಂತಿಗಳು ಪಕ್ಕಕ್ಕೆ ಎಳೆದುಹೋಗಿದ್ದರೆ ತೆಗೆದು ಮತ್ತೆ ನೇರವಾಗಿ ಇಡಿ. ಮೊದಲ ಫ್ರೆಟ್‌ನಲ್ಲಿ ಟ್ಯೂನರ್ ಎಫ್, ಎ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಸಿ, ಎಫ್ ಎಂದು ತೋರಿಸಬೇಕು. ಇಷ್ಟಾದ ಮೇಲೂ ಉಳಿದ ಸಣ್ಣ ವ್ಯತ್ಯಾಸಕ್ಕೆ ಮಾತ್ರ ಬಿರಡೆ ತಿರುಗಿಸಿ, ಕೇಪೊ ತೆಗೆದ ಮೇಲೆ ಆ ತಂತಿಯನ್ನು ಮತ್ತೆ ಪರೀಕ್ಷಿಸಿ.

ಶ್ರುತಿಯನ್ನೇ ಬದಲಿಸುವಾಗ, ಉದಾಹರಣೆಗೆ ಡ್ರಾಪ್ ಡಿ ಮಾಡುವಾಗ, ಆರನೆಯ ತಂತಿಯನ್ನು ಇ ಯಿಂದ ಡಿ ಗೆ, ಅಂದರೆ 82.4 ಹರ್ಟ್ಜ್‌ನಿಂದ 73.4 ಹರ್ಟ್ಜ್‌ಗೆ ಇಳಿಸುತ್ತೇವೆ. ಇದನ್ನು ನಾಲ್ಕನೆಯ ತಂತಿಯೊಂದಿಗೆ ಒಟ್ಟಿಗೆ ಮೀಟಿ, ನಾದದ ಅಲುಗಾಟ ನಿಧಾನವಾಗುತ್ತಾ ನಿಂತುಹೋಗುವವರೆಗೆ ಹೊಂದಿಸಿ. ಒಂದು ತಂತಿ ಸಡಿಲಾದಾಗ ಕುತ್ತಿಗೆಯ ಮೇಲಿನ ಒಟ್ಟು ಎಳೆತ ತಗ್ಗಿ ಉಳಿದ ಐದು ತಂತಿಗಳು ತುಸು ಏರುತ್ತವೆ. ಹಾಗಾಗಿ ಅವನ್ನೂ ಒಂದು ಸುತ್ತು ನೋಡಿಕೊಂಡು, ಇಳಿಸಿದ ತಂತಿಯನ್ನು ಒಂದು ಹಾಡು ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಬೇಕು.