ಮನೆ ಶಿಫ್ಟ್ ಮಾಡೋರಿಗೆ: ಬಿಚ್ಚಿ ಮತ್ತೆ ಜೋಡಿಸೋ ಪುಸ್ತಕದ ಶೆಲ್ಫ್ ಮಾಡೋದು ಹೇಗೆ

ಬೆಂಗಳೂರಲ್ಲಿ ಬಾಡಿಗೆ ಮನೇಲಿರೋರಿಗೆ ಹನ್ನೊಂದು ತಿಂಗಳ ಅಗ್ರಿಮೆಂಟ್ ಮುಗಿಯೋ ಹೊತ್ತಿಗೆ ಎದೆ ಡವಡವ ಅನ್ನತ್ತೆ. ಆರು ವರ್ಷದಲ್ಲಿ ನಾವು ನಾಲ್ಕು ಮನೆ ಬದಲಾಯಿಸಿದ್ವಿ. ಪಾತ್ರೆ, ಟಿವಿ, ಫ್ರಿಜ್ ಎಲ್ಲ ಸರಿಯಾಗೇ ಬಂತು, ಪ್ರತಿ ಸಲನೂ ಹಾಳಾಗಿದ್ದು ಮರದ ಸಾಮಾನು. ನಮ್ಮ ಮಾವ ಮದುವೆಗೆ ಅಂತ ಮಾಡಿಸಿಕೊಟ್ಟಿದ್ದ ಪುಸ್ತಕದ ಕಪಾಟು, ಮೊಳೆ ಫೆವಿಕಾಲ್ ಹಾಕಿ ಗಟ್ಟಿ ಮಾಡಿದ್ದು, ಮೂರನೇ ಮನೆಯ ಮೆಟ್ಟಿಲ ತಿರುವಲ್ಲಿ ಎಷ್ಟು ಓರೆ ಮಾಡಿದ್ರೂ ತಿರುಗಲಿಲ್ಲ, ಕೊನೆಗೆ ಸಾಮಾನು ಹೊರೋ ಹುಡುಗರು ಸುತ್ತಿಗೆ ತಗೊಂಡು ಬಿಚ್ತೀವಿ ಅಂದ್ರು, ಬಿಚ್ಚಿದ್ದಲ್ಲ ಅದು, ಸೀಳಿದ್ದು. ಆ ಹಲಗೆ ನೋಡಿ ನನ್ನ ಹೆಂಡತಿ ಎರಡು ದಿನ ಮಾತಾಡಲಿಲ್ಲ.

ಆಮೇಲೆ ಪಕ್ಕದ ಬೀದಿ ಆಚಾರ್ರು ಒಂದು ಮಾತು ಹೇಳಿದ್ರು, "ಸಾರ್, ನೀವು ಊರೂರು ತಿರುಗೋರು, ಅಂಟು ಹಾಕಬೇಡಿ, ಬಿಚ್ಚೋ ಹಂಗೆ ಮಾಡ್ಕೊಳಿ." ಯೋಚನೆ ಮಾಡಿದ್ರೆ ಇದೇನು ಹೊಸದಲ್ಲ, ನೇಗಿಲಿಗೆ ಬೆಣೆ ಬಡಿಯೋದು, ಗಾಡಿ ಚಕ್ರಕ್ಕೆ ಕಡಾಣಿ ಸಿಕ್ಕಿಸೋದು ಎಲ್ಲ ಇದೇ ಲೆಕ್ಕ, ಅಂಟಿಲ್ಲದೆ ಬಿಗಿ, ಬೇಕಾದಾಗ ಸಡಿಲ. 1859ರಲ್ಲಿ ಯುರೋಪಿನ ಫರ್ನಿಚರ್ ತಯಾರಕ ಮೈಕೆಲ್ ಥೋನೆಟ್ ಮಾಡಿದ 14ನೇ ನಂಬರ್ ಕುರ್ಚಿ ಆರು ಮರದ ತುಂಡು, ಹತ್ತು ಸ್ಕ್ರೂ, ಎರಡು ನಟ್ ಅಷ್ಟೇ, ಬಿಚ್ಚಿಟ್ರೆ ಒಂದು ಘನ ಮೀಟರ್ ಪೆಟ್ಟಿಗೇಲಿ 36 ಕುರ್ಚಿ ಹಿಡೀತಿತ್ತು. 2022ರಲ್ಲಿ ನಾಗಸಂದ್ರದಲ್ಲಿ ಐಕಿಯಾ ಬಂದ ಮೇಲೆ ಅಟ್ಟೆ ಡಬ್ಬದಲ್ಲಿ ಚಪ್ಪಟೆಯಾಗಿ ಬರೋ ಫರ್ನಿಚರ್ ನಮ್ಮೂರೋರಿಗೂ ಪರಿಚಯ ಆಯ್ತು. ಆದ್ರೆ ಅದೇ ಜೋಡಣೆನ ನಾವೇ ಪ್ಲೈವುಡ್‌ಗೆ ಹಾಕ್ಕೋಬಹುದು ಅಂತ ತುಂಬ ಜನಕ್ಕೆ ಗೊತ್ತಿಲ್ಲ.

ನಾಲ್ಕಡಿ ಎತ್ತರದ ಶೆಲ್ಫ್ ತಗೊಳ್ಳೋಣ. 18 ಎಂಎಂ ಪ್ಲೈ, 8 ಅಡಿ 4 ಅಡಿ ಶೀಟಲ್ಲಿ ಉದ್ದಕ್ಕೆ ಸೀಳಿದ ಅರ್ಧ ಸಾಕು. ಅಂಗಡೀಲೇ ಮಷಿನ್ ಕಟಿಂಗ್ ಮಾಡಿಸಿ, ಕೈಗರಗಸದಲ್ಲಿ ಅಂಚು ನೇರ ಬರಲ್ಲ, ಅಂಚು ನೇರ ಇಲ್ಲ ಅಂದ್ರೆ ಮುಂದಿನದೆಲ್ಲ ದಂಡ. ಪಕ್ಕದ ಹಲಗೆ ಎರಡು, 1200 ಉದ್ದ 300 ಅಗಲ. ಅಡ್ಡ ಹಲಗೆ ಮೂರು, ಮೇಲೆ, ಕೆಳಗೆ, ನಡುವೆ, ತಲಾ 714 ಉದ್ದ 300 ಅಗಲ. ಜೋಡಿಸಿದಾಗ ಒಟ್ಟು ಅಗಲ 750 ಬರತ್ತೆ. ಎಲ್ಲ ಎಂಎಂ ಲೆಕ್ಕ, ಇಂಚಲ್ಲಿ ಅಳೀಬೇಡಿ.

ಇನ್ನು ಹಲಗೆಗೆ ಹಲಗೆ ಜೋಡಿಸೋ ಕನೆಕ್ಟರ್. ಎಸ್‌ಜೆಪಿ ರೋಡ್ ಕಡೆ ಹಾರ್ಡ್‌ವೇರ್ ಅಂಗಡೀಲಿ ಮಿನಿಫಿಕ್ಸ್ ಅಂತ ಕೇಳಿ. ಒಂದು ಸೆಟ್ಟಲ್ಲಿ ಎರಡು ಭಾಗ, ತಲೆ ಇರೋ ಉದ್ದ ಬೋಲ್ಟ್ ಒಂದು, 15 ಎಂಎಂ ಅಗಲದ ಗುಂಡು ಕ್ಯಾಮ್ ಒಂದು. ಬೋಲ್ಟ್ ಪಕ್ಕದ ಹಲಗೆಗೆ, ಕ್ಯಾಮ್ ಅಡ್ಡ ಹಲಗೆಗೆ. ಕ್ಯಾಮ್ ಒಳಗಿನ ಕಚ್ಚು ಒಂದೇ ಸಮ ಇರಲ್ಲ, ನಡುವಿಂದ ಓರೆ ಇರತ್ತೆ, ಹಾಗಾಗಿ ತಿರುಗಿಸ್ತಾ ಹೋದ್ರೆ ಬೋಲ್ಟಿನ ತಲೇನ ಹಿಡಿದು ತನ್ನ ಕಡೆ ಎಳ್ಕೊಳ್ಳತ್ತೆ, ಎರಡು ಹಲಗೆ ಕಚ್ಕೊಂಡು ಕೂರತ್ತೆ. ಇಲ್ಲೊಂದು ವಿಷಯ ಮನಸ್ಸಲ್ಲಿಟ್ಕೊಳ್ಳಿ, ಕ್ಯಾಮ್ ಮಾಡೋದು ಎಳೆಯೋ ಕೆಲಸ ಮಾತ್ರ, ಪುಸ್ತಕದ ಭಾರ ಹೊರೋದು ಮತ್ತು ಹಲಗೆ ಜರುಗದೆ ಇರೋ ಹಾಗೆ ನೋಡ್ಕೊಳ್ಳೋದು ಪಕ್ಕದಲ್ಲಿರೋ ಮರದ ಡವೆಲ್, ಅಂದ್ರೆ 8 ಎಂಎಂ ದಪ್ಪ 30 ಉದ್ದದ ಗೂಟ. ಡವೆಲ್ ಬಿಟ್ಟು ಬರೀ ಮಿನಿಫಿಕ್ಸ್ ಹಾಕಿ ಶೆಲ್ಫ್ ಅಲ್ಲಾಡತ್ತೆ ಅನ್ನೋರು ತುಂಬ ಜನ. ನಮಗೆ ಒಟ್ಟು ಆರು ಜೋಡಣೆ, ಪ್ರತಿಯೊಂದಕ್ಕೂ ಎರಡು ಮಿನಿಫಿಕ್ಸ್ ಎರಡು ಡವೆಲ್, ಹನ್ನೆರಡು ಹನ್ನೆರಡು. ಎರಡೆರಡು ಜಾಸ್ತಿನೇ ತಗೊಳ್ಳಿ.

ಗುರುತು ಹಾಕೋದು ಅರ್ಧ ಕೆಲಸ. ಎಲ್ಲ ಅಳತೆನೂ ಹಲಗೆಯ ಮುಂದಿನ ಅಂಚಿಂದಲೇ ಹಿಡೀರಿ, ಒಂದು ಸಲ ಮುಂದಿಂದ ಒಂದು ಸಲ ಹಿಂದಿಂದ ಅಳೆದ್ರೆ ಒಂದು ಎಂಎಂ ವ್ಯತ್ಯಾಸ ಖಂಡಿತ ಬರತ್ತೆ, ಆ ಒಂದು ಎಂಎಂ ಸಾಕು ಬೋಲ್ಟ್ ಹೋಗದೆ ಇರೋಕೆ. ಮುಂದಿನ ಅಂಚಿಂದ 50 ಮತ್ತು 250ಕ್ಕೆ ಮಿನಿಫಿಕ್ಸ್, 82 ಮತ್ತು 218ಕ್ಕೆ ಡವೆಲ್. ಪ್ಲೈ ಚೂರಲ್ಲಿ ಈ ನಾಲ್ಕು ತೂತಿನ ಟೆಂಪ್ಲೇಟ್ ಮಾಡ್ಕೊಂಡು ಎಲ್ಲ ಕಡೆ ಅದನ್ನೇ ಇಟ್ಟು ಗುರುತು ಮಾಡಿ. ಪ್ರತಿ ಜೋಡಣೆಗೂ ಎರಡು ಕಡೆ ಪೆನ್ಸಿಲಲ್ಲಿ ಒಂದೇ ನಂಬರ್ ಬರೀರಿ.

ಈಗ ತೂತು. ಪಕ್ಕದ ಹಲಗೆಯ ಮೈಗೆ, ಅಡ್ಡ ಹಲಗೆ ಕೂರೋ ಜಾಗದ ನಡುಗೆರೆ ಮೇಲೆ ಬೋಲ್ಟಿಗೆ 5 ಎಂಎಂ ತೂತು, ಡವೆಲ್‌ಗೆ 8 ಎಂಎಂ ತೂತು, ಎರಡೂ 12 ಆಳ. ಅಡ್ಡ ಹಲಗೆಯಲ್ಲಿ, ಪಕ್ಕದ ಹಲಗೆಗೆ ತಾಗೋ ಅಂಚಿಗೆ, ದಪ್ಪದ ಸರಿಯಾಗಿ ಮಧ್ಯ ಅಂದ್ರೆ 9 ಎಂಎಂಗೆ, 8 ಎಂಎಂ ತೂತು. ಡವೆಲ್‌ದು 20 ಆಳ, ಬೋಲ್ಟ್‌ದು ಕ್ಯಾಮ್ ತೂತಿಗೆ ಸೇರೋ ತನಕ. ಡ್ರಿಲ್ ಬಿಟ್ಟಿಗೆ ಬಣ್ಣದ ಟೇಪ್ ಸುತ್ತಿ ಆಳ ಗುರುತು ಮಾಡ್ಕೊಳ್ಳಿ. ಇನ್ನು ಕ್ಯಾಮ್ ತೂತು, ಇದರಲ್ಲೇ ಜನ ಎಡವೋದು. ಅದೇ ಅಂಚಿಂದ ಕ್ಯಾಮಿನ ನಡುವಿಗೆ ಬೋಲ್ಟಿನ ಉದ್ದಕ್ಕೆ ತಕ್ಕಂಗೆ 24 ಅಥವಾ 34 ಎಂಎಂ ಬರತ್ತೆ, ಕೈಲಿರೋ ಬೋಲ್ಟ್ ಇಟ್ಟು ನೋಡಿ ತೀರ್ಮಾನ ಮಾಡಿ. 15 ಎಂಎಂ ಫೋರ್ಸ್ಟ್‌ನರ್ ಬಿಟ್ಟೇ ಬೇಕು, ಮಾಮೂಲಿ ಡ್ರಿಲ್ ಬಿಟ್ಟಲ್ಲಿ ತೂತಿನ ತಳ ಚಪ್ಪಟೆ ಬರಲ್ಲ. ಆಳ ಕ್ಯಾಮಿನ ಎತ್ತರಕ್ಕೆ ತಕ್ಕಷ್ಟು, ಬಿಟ್ಟಿನ ನಡು ಮೊನೆ ಒಂದೆರಡು ಎಂಎಂ ಮುಂದೆ ಚಾಚಿರತ್ತೆ, ಜಾಸ್ತಿ ಒತ್ತಿದ್ರೆ ಹಲಗೆಯ ಆಚೆ ಬದಿ ಉಬ್ಬತ್ತೆ. ಮೊದಲು ಚೂರಲ್ಲಿ ಒಂದು ತೂತು ಮಾಡಿ ನೋಡದೆ ಒಳ್ಳೇ ಹಲಗೆ ಮುಟ್ಟಬೇಡಿ. ಕ್ಯಾಮ್ ಎಲ್ಲ ಹಲಗೆಯ ಕಾಣದ ಬದೀಲಿ ಬರಲಿ, ಮೇಲಿನ ಹಲಗೆ ನಡು ಹಲಗೆ ಎರಡರದ್ದೂ ಅಡಿ ಮೈಯಲ್ಲಿ.

ಜೋಡಿಸುವಾಗ ಬೋಲ್ಟನ್ನ ಪೂರ್ತಿ ತಿರುಗಿಸಿ, ಅದರ ಕಾಲರ್ ಹಲಗೆಗೆ ತಾಗಬೇಕು. ಡವೆಲ್‌ಗೆ ಅಡ್ಡ ಹಲಗೆಯ ಅಂಚಲ್ಲಿ ಮಾತ್ರ ಅಂಟು ಹಾಕಿ, ಇನ್ನೊಂದು ತುದಿ ಒಣಗಿದ್ದೇ ಇರಲಿ, ಅಲ್ಲಿಗೂ ಫೆವಿಕಾಲ್ ಹಾಕಿಬಿಟ್ರೆ ಇಷ್ಟು ಮಾಡಿದ್ದೆಲ್ಲ ವ್ಯರ್ಥ. ಕ್ಯಾಮಿನ ಬಾಣ ಬೋಲ್ಟ್ ಬರೋ ಅಂಚಿನ ಕಡೆ ಇರಲಿ, ಹಲಗೆ ಒತ್ತಿ ಹಿಡ್ಕೊಂಡು ಪ್ಲಸ್ ಸ್ಕ್ರೂಡ್ರೈವರಲ್ಲಿ ಬಲಕ್ಕೆ ಅರ್ಧ ಸುತ್ತು. ಡ್ರಿಲ್ ಮಷಿನಲ್ಲಿ ಬಿಗಿ ಮಾಡಬೇಡಿ, ಕ್ಯಾಮ್ ಸತುವಿನ ಎರಕ, ಬಿರುಕು ಬಿಡತ್ತೆ.

ಕೊನೆಗೆ ಮೂಲೆಯಿಂದ ಮೂಲೆಗೆ ಟೇಪ್ ಹಿಡೀರಿ, ಎರಡೂ ಓರೆ ಅಳತೆ ಒಂದೇ ಬಂದ್ರೆ ಶೆಲ್ಫ್ ಗುಣಿಯಾದಲ್ಲಿದೆ, ಅಂದ್ರೆ ಮೂಲೆಗಳೆಲ್ಲ ಸರಿಯಾಗಿ 90 ಡಿಗ್ರಿ ಇದೆ ಅಂತ. ಆಗ 6 ಎಂಎಂ ಪ್ಲೈ ಹಿಂದಕ್ಕೆ ಸ್ಕ್ರೂ ಹಾಕಿ ಕೂರಿಸಿ, ಮೊಳೆ ಬೇಡ. ಈ ಹಿಂಬದಿ ಇಲ್ಲದಿದ್ರೆ ಎಷ್ಟೇ ಕ್ಯಾಮ್ ಹಾಕಿದ್ರೂ ಎಡಕ್ಕೆ ಬಲಕ್ಕೆ ತೂಗತ್ತೆ. ಕೆಳಗೆ ಬುಶ್, ಅಂದ್ರೆ ಶೆಲ್ಫನ್ನ ನೆಲದಿಂದ ಎತ್ತಿ ಹಿಡಿಯೋ ಚಿಕ್ಕ ಕಾಲು ಹಾಕಿ, ದಿನಾ ನೆಲ ಒರೆಸೋ ನೀರು ಹಲಗೆಯ ಅಂಚಿಗೆ ಹೋಗ್ಬಾರದು.

ಮಂಚಕ್ಕೆ ಮಿನಿಫಿಕ್ಸ್ ಸಾಕಾಗಲ್ಲ. ಅದಕ್ಕೆ ಎಂ6 ಅಂದ್ರೆ 6 ಎಂಎಂ ದಪ್ಪದ ಬೋಲ್ಟ್, ಜೊತೆಗೆ ಅಡ್ಡ ತೂತಲ್ಲಿ ಕೂರೋ ಉರುಳೆ ಆಕಾರದ ಬ್ಯಾರೆಲ್ ನಟ್ ಹಾಕಿ, ಲೋಹಕ್ಕೆ ಲೋಹ ಕಚ್ಚೋದ್ರಿಂದ ಎಷ್ಟು ಸಲ ಬಿಚ್ಚಿದ್ರೂ ಮರದ ತೂತು ಸವೆಯಲ್ಲ.

ಶಿಫ್ಟಿಂಗ್ ದಿನ ಮೊದಲು ಹಿಂಬದಿ ಬಿಚ್ಚಿ, ಆಮೇಲೆ ಕ್ಯಾಮ್ ಎಡಕ್ಕೆ ತಿರುಗಿಸಿ ಅಡ್ಡ ಹಲಗೆನ ನೇರವಾಗಿ ಎಳೀರಿ, ಓರೆ ಎಳೆದ್ರೆ ಡವೆಲ್ ಮುರಿಯತ್ತೆ. ಪ್ಲೈ ಆದ್ರೆ ಬೋಲ್ಟ್ ಬಿಚ್ಚಿ ಕ್ಯಾಮಿನ ಜೊತೆ ಕವರಿಗೆ ಹಾಕಿ ಹಿಂಬದಿ ಹಲಗೆಗೆ ಟೇಪ್ ಅಂಟಿಸಿ. ಪಾರ್ಟಿಕಲ್ ಬೋರ್ಡ್ (ಮರದ ಚೂರು ಪುಡಿ ಅಂಟಲ್ಲಿ ಒತ್ತಿ ಮಾಡಿದ ಹಲಗೆ) ಆದ್ರೆ ಬೋಲ್ಟ್ ಮುಟ್ಟಲೇಬೇಡಿ, ಒಂದೆರಡು ಸಲ ತೆಗೆದ್ರೆ ತೂತು ಪುಡಿಪುಡಿ, ಬೋಲ್ಟಿನ ಮೇಲೆ ಥರ್ಮಕೋಲ್ ಚುಚ್ಚಿ ಹಾಗೇ ಲಾರಿಗೆ ಹತ್ತಿಸಿ.