ಉಪ್ಪರಿಗೆಯ ಚಿಲಕ, ದಿನಕ್ಕೆ 290 ವೋಚರ್

ಹೋದ ತಿಂಗಳು ನಮ್ಮ ಆಡಿಟರ್ ಫೋನ್ ಮಾಡಿ, "ಇನ್ನೂ ಮೂರು ಅಂಗಡಿ ಲೆಕ್ಕ ನಿಮಗೇ ಕಳಿಸ್ತೀನಿ ಮೇಡಂ" ಅಂದರು. ಇದೇ ಮನುಷ್ಯ 2020ರಲ್ಲಿ "ಕಾಡಲ್ಲಿ ಕೂತು ಜಿಎಸ್‌ಟಿ ಕೆಲಸ ಆಗುತ್ತೇನಮ್ಮಾ?" ಅಂತ ನಕ್ಕವರು. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅಂಗಡಿಗಳ ಬಿಲ್‌ಗಳನ್ನು ಟ್ಯಾಲಿ ಅನ್ನುವ ಲೆಕ್ಕದ ಸಾಫ್ಟ್‌ವೇರಿಗೆ ಹಾಕಿ ಜಿಎಸ್‌ಟಿ ರಿಟರ್ನ್ ತಯಾರು ಮಾಡುವುದು ನನ್ನ ಕೆಲಸ, ಅದೂ ಮನೆಯಿಂದಲೇ. ಒಂದು ಬಿಲ್ ಹಾಕಿದರೆ ಒಂದು ವೋಚರ್. 2ಬಿ, ಅಂದರೆ ಮಾರಿದವರು ತೋರಿಸಿದ ತೆರಿಗೆಯ ಪಟ್ಟಿ ತಾಳೆ ನೋಡುವುದು, ರಿಟರ್ನಿನ 11ನೇ ತಾರೀಕು, 20ನೇ ತಾರೀಕಿನ ಗಡಿಬಿಡಿ ಈ ಕೆಲಸದವರಿಗೆಲ್ಲ ಗೊತ್ತೇ ಇದೆ. ಅದನ್ನು ಬಿಡುತ್ತೇನೆ.

ತೀರ್ಥಹಳ್ಳಿಯಿಂದ ಆಗುಂಬೆ ಕಡೆಗೆ 14 ಕಿಲೋಮೀಟರ್ ಬಂದರೆ ನಮ್ಮ ಮನೆ. ಲಾಕ್‌ಡೌನ್ ಆದಾಗ ಬೆಂಗಳೂರು ಬಿಟ್ಟು ಬಂದೆ. ಆಫೀಸಿನಲ್ಲಿ ದಿನಕ್ಕೆ 240, 250 ವೋಚರ್ ಹಾಕುತ್ತಿದ್ದವಳು ಮನೆಗೆ ಬಂದ ಮೇಲೆ 140ಕ್ಕೆ ಇಳಿದೆ. ಬೆಳಿಗ್ಗೆ ಒಂಬತ್ತಕ್ಕೆ ಕೂತರೆ ರಾತ್ರಿ ಒಂಬತ್ತಾದರೂ ಕೆಲಸ ಮುಗಿಯುತ್ತಿರಲಿಲ್ಲ, ಆದರೂ ಅಷ್ಟೇ. ನೂರಕ್ಕೆ ಆರೇಳು ಎಂಟ್ರಿ ತಪ್ಪು ಅಂತ ವಾಪಸ್ ಬೇರೆ ಬರುತ್ತಿದ್ದವು.

ಸೋಮಾರಿತನ ಅಂತ ಎಲ್ಲರೂ ತಿಳಿದರು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಒಂದು ವಾರ ಪಕ್ಕದಲ್ಲಿ ಚೀಟಿ ಇಟ್ಟುಕೊಂಡು, ಎದ್ದಾಗೆಲ್ಲ ಗೀಟು ಹಾಕಿದೆ. ಒಂದೇ ದಿನ 31 ಗೀಟು! ಗ್ಯಾಸ್ ಬಂತು, ಹಾಲು ಉಕ್ಕುತ್ತಿದೆ, ಜಗಲಿಯಲ್ಲಿ ಯಾರೋ ಬಂದು ಕೂತಿದ್ದಾರೆ, ತೋಟದವರಿಗೆ ಕಾಫಿ ಆಗಬೇಕು. "ಹೇಗೂ ಮನೇಲೇ ಇದೀಯಲ್ಲ ಮಾರಾಯ್ತಿ" ಅನ್ನುವುದು ಅತ್ತೆಯ ಮಾತು. ಅವರದ್ದೂ ತಪ್ಪಲ್ಲ ಬಿಡಿ. ಕೂತಿರುವ ಸೊಸೆ ಅವರ ಕಣ್ಣಿಗೆ ಬಿಡುವಾಗಿರುವ ಸೊಸೆ. ಎದ್ದು ಬಂದು ಕೂತಾಗ ಯಾವ ಬಿಲ್‌ನಲ್ಲಿದ್ದೆ ಅನ್ನುವುದೇ ಮರೆತು, ಹೊರರಾಜ್ಯದ ಬಿಲ್‌ಗೆ ಐಜಿಎಸ್‌ಟಿ ಹಾಕಬೇಕಾದಲ್ಲಿ ರಾಜ್ಯದೊಳಗಿನ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಹಾಕುತ್ತಿದ್ದೆ.

ಮೊದಲು ದುಡ್ಡು ಸುರಿದು ಸರಿಮಾಡಲು ಹೋದೆ. ಪೇಟೆಯಲ್ಲಿ ಬಸ್‌ಸ್ಟ್ಯಾಂಡ್ ಹತ್ತಿರ ಮಹಡಿ ಮೇಲೊಂದು ರೂಮು ಹಿಡಿದೆ. ಅಡ್ವಾನ್ಸ್ 30 ಸಾವಿರ, ಬಾಡಿಗೆ 4,500. ಕೆಳಗಡೆ ವೆಲ್ಡಿಂಗ್ ಅಂಗಡಿ ಇದೆ ಅಂತ ಭಾನುವಾರ ನೋಡಲು ಹೋದವಳಿಗೆ ಹೇಗೆ ಗೊತ್ತಾಗಬೇಕು? ನಾಲ್ಕೇ ತಿಂಗಳಿಗೆ ಬಿಟ್ಟೆ. ಅಡ್ವಾನ್ಸ್‌ನಲ್ಲಿ ಸುಣ್ಣಬಣ್ಣಕ್ಕೆ ಅಂತ ಒಂಬತ್ತು ಸಾವಿರ ಹಿಡಿದುಕೊಂಡರು.

ಅಷ್ಟರಲ್ಲಿ ನನ್ನ ಕೈಕೆಳಗೆ ಇಬ್ಬರು ಹುಡುಗಿಯರು ಸೇರಿದ್ದರು. ಒಬ್ಬಳು ಸಾಗರ, ಇನ್ನೊಬ್ಬಳು ಹೊಸನಗರದ ಕಡೆ. ಅವರಿಬ್ಬರೂ ಕೆಲಸ ಮಾಡುತ್ತಿದ್ದಾರೋ ಇಲ್ಲವೋ ನೋಡಲು ಮೌಸ್ ಅಲ್ಲಾಡುವುದನ್ನು ಲೆಕ್ಕ ಇಡುವ ಸಾಫ್ಟ್‌ವೇರ್ ಹಾಕಿಸಿದೆ, ತಿಂಗಳಿಗೆ ತಲೆಗೆ 400 ರೂಪಾಯಿ. ಒಬ್ಬಳದ್ದು ಎಂಟು ಗಂಟೆ ಪೂರಾ ಹಸಿರು, ಎಂಟ್ರಿ ಮಾತ್ರ 90! ಮೌಸಿಗೆ ದಾರ ಕಟ್ಟಿ ತಿರುಗುವ ಟೇಬಲ್ ಫ್ಯಾನಿಗೆ ಸಿಕ್ಕಿಸಿದ್ದಳಂತೆ. ಬೈಯಲು ಫೋನ್ ಮಾಡಿದವಳು ನಕ್ಕುಬಿಟ್ಟೆ. ಅವತ್ತಿಂದ ಗಂಟೆ ಲೆಕ್ಕ ಇಟ್ಟಿಲ್ಲ.

ಆಡಿಟರ್ ಒಂದು ಸುದ್ದಿ ಕಳಿಸಿದ್ದರು. ಚೆನ್ನೈನಲ್ಲಿ ಡೇಟಾ ಎಂಟ್ರಿ ಕೆಲಸಗಾರರನ್ನು ಚೀಟಿ ಎತ್ತಿದ ಹಾಗೆ ಮನೆ, ಆಫೀಸು ಅಂತ ಹಂಚಿ ನೋಡಿದರೆ, ಮನೆಯಲ್ಲಿ ಕೂತವರ ಕೆಲಸ ಶೇಕಡಾ 18ರಷ್ಟು ಕಡಿಮೆ ಬಂತಂತೆ. "ನೋಡಿ, ನಾನು ಹೇಳಿಲ್ವಾ?" ಅಂದರು. ನಾನೂ ಹುಡುಕಿದೆ. ಚೀನಾದಲ್ಲಿ ಸಿಟ್ರಿಪ್ ಅನ್ನುವ ಕಂಪನಿ 2010ರ ಕೊನೆಯಿಂದ ಒಂಬತ್ತು ತಿಂಗಳು ಕಾಲ್ ಸೆಂಟರಿನವರನ್ನು ಮನೆಯಲ್ಲಿ ಕೂರಿಸಿದಾಗ ಕೆಲಸ ಶೇಕಡಾ 13 ಏರಿತ್ತು. ಓದುತ್ತಾ ಹೋದರೆ ಅಲ್ಲೊಂದು ಷರತ್ತು: ಮನೆಯಲ್ಲಿ ಬೇರೆ ಕೋಣೆ ಇರುವವರಿಗೆ ಮಾತ್ರ ಅವಕಾಶ. ನನಗೆ ಅಷ್ಟು ಸಾಕಾಯಿತು. ನಮ್ಮ ಉಪ್ಪರಿಗೆಯಲ್ಲಿ ಹಳೇ ಪಾತ್ರೆ, ಅಡಿಕೆ ಚೀಲ ತುಂಬಿದ ಕೋಣೆ ಇತ್ತಲ್ಲ!

ಅದನ್ನು ಖಾಲಿ ಮಾಡಿಸಿ, ಒಳಗಡೆಯಿಂದ ಚಿಲಕ ಹಾಕಿಸಿದೆ. ಚಿಲಕಕ್ಕೆ 120 ರೂಪಾಯಿ. ಬೆಳಿಗ್ಗೆ ಐದೂವರೆಯಿಂದ ಒಂಬತ್ತೂವರೆ ನಾನು ಮನೆಯಲ್ಲಿ ಇಲ್ಲ ಅಂತಲೇ ಲೆಕ್ಕ. ಫೋನ್ ಕೆಳಗೆ ಅತ್ತೆಯ ಹತ್ತಿರ. ಎಂಟ್ರಿ ಎಲ್ಲ ಆ ನಾಲ್ಕು ಗಂಟೆಯಲ್ಲೇ. ಅನುಮಾನ ಬಂದ ಬಿಲ್‌ಗಳನ್ನು ಪುಸ್ತಕದಲ್ಲಿ ಬರೆದಿಟ್ಟು, ಹನ್ನೆರಡಕ್ಕೆ ಎಲ್ಲದಕ್ಕೂ ಸೇರಿ ಒಂದೇ ಫೋನು. ಬ್ಯಾಂಕ್ ತಾಳೆ, ರಿಟರ್ನ್ ತಯಾರಿಯಂಥ ಎದ್ದು ಕೂತರೂ ಕೆಡದ ಕೆಲಸ ಮಧ್ಯಾಹ್ನದ ಮೇಲೆ. ಹುಡುಗಿಯರಿಗೂ ಇದೇ. ವಾಪಸ್ ಬರದ ಎಂಟ್ರಿಗೆ ಮಾತ್ರ ದುಡ್ಡು.

ಬಿಲ್ ಫೋಟೋಗಳನ್ನು ಹಿಂದಿನ ರಾತ್ರಿಯೇ ಐವತ್ತೈವತ್ತರ ಕಟ್ಟು ಮಾಡಿಡುತ್ತೇವೆ. ಯಾವ ಲೆಕ್ಕದಲ್ಲಿ ಜೋಡಿಸುತ್ತೇವೆ ಅನ್ನುವುದನ್ನು ಮಾತ್ರ ಹೇಳೋಲ್ಲ. ಅರ್ಧ ವೇಗ ಇರುವುದೇ ಅಲ್ಲಿ. ಹೇಳಿಬಿಟ್ಟರೆ ನಾಳೆ ಆ ಮೂರು ಅಂಗಡಿ ನಿಮ್ಮ ಮನೆಗೆ ಬಂದಾವು.

ಮೊದಲ ವಾರ ಅತ್ತೆ ಮಾತು ಬಿಟ್ಟಿದ್ದರು. ಮೂರನೇ ವಾರಕ್ಕೆ ಬಂದವರಿಗೆ ಅವರೇ "ಅವಳು ಆಫೀಸಲ್ಲಿದಾಳೆ, ಒಂಬತ್ತೂವರೆ ಮೇಲೆ ಬನ್ನಿ" ಅನ್ನತೊಡಗಿದರು. ಈಗ ಒಳ್ಳೆಯ ದಿನ ಅಂದರೆ 290. ವಾಪಸ್ ಬರುವುದು ನೂರಕ್ಕೆ ಎರಡು. ಆಫೀಸಿನಲ್ಲಿ ಇಷ್ಟು ನಾನು ಯಾವತ್ತೂ ಹಾಕಿಲ್ಲ.

ಕರೆಂಟಿಗೆ ಇನ್ವರ್ಟರ್, 150 ಎಎಚ್ ಬ್ಯಾಟರಿ ಸೇರಿ 24 ಸಾವಿರ ಆಯಿತು. ಏಪ್ರಿಲ್, ಮೇ ಸಿಡಿಲಿಗೆ ಎರಡು ರೂಟರ್ ಸುಟ್ಟವು. ಫೈಬರ್ ಆದ್ದರಿಂದ ಏನೂ ಆಗೋಲ್ಲ ಅಂದುಕೊಂಡಿದ್ದೆ, ಆದರೆ ಸಿಡಿಲು ಬಂದದ್ದು ಕರೆಂಟಿನ ತಂತಿಯಲ್ಲಿ. ಈಗ 1,800 ರೂಪಾಯಿಯ ಪುಟ್ಟ ಯುಪಿಎಸ್ ಇದೆ. ಗುಡುಗು ಶುರುವಾದರೆ ಅದರ ಪ್ಲಗ್ ಕಿತ್ತು, ರೂಟರನ್ನು ಬ್ಯಾಟರಿ ಮೇಲೆ ಬಿಡುತ್ತೇನೆ. ಮರ ಬಿದ್ದು ಕೇಬಲ್ ಹೋದರೂ ಎಂಟ್ರಿ ನಿಲ್ಲೋಲ್ಲ, ಟ್ಯಾಲಿ ಇರುವುದು ಲ್ಯಾಪ್‌ಟಾಪಿನಲ್ಲೇ ಅಲ್ವಾ? ಸಂಜೆ ಗುಡ್ಡ ಹತ್ತಿ ಮೊಬೈಲ್ ನೆಟ್‌ನಲ್ಲಿ ಕಳಿಸಿದರೆ ಆಯಿತು.

ಆಷಾಢದಲ್ಲಿ ಲ್ಯಾಪ್‌ಟಾಪ್ ಚೀಲಕ್ಕೂ ಬೂಸ್ಟು ಹಿಡಿಯಿತು. ಹಳೇ ಟ್ರಂಕಿನಲ್ಲಿ ಜೀರೋ ಬಲ್ಬ್ ಹಚ್ಚಿ ರಾತ್ರಿ ಅದರೊಳಗೆ ಇಟ್ಟು ನೋಡಿದೆ. ಲ್ಯಾಪ್‌ಟಾಪ್ ಒಣಗಿತು. ಆದರೆ ಒಳಗಿದ್ದ ಥರ್ಮಲ್ ಪೇಪರ್ ಬಿಲ್‌ಗಳು ಬಲ್ಬಿಗೆ ತಾಗಿ ಕಪ್ಪಾಗಿ ಹೋದವು, 40 ಇರಬೇಕು. ಫೋಟೋ ಇದ್ದದ್ದರಿಂದ ಬಚಾವಾದೆ.

ಅಡಿಕೆಗೊನೆ ಕೊಯ್ಲಿಗೆ ಮಾತ್ರ ಚಿಲಕ ಸಾಲುವುದಿಲ್ಲ. ಅಡಿಕೆ ಸುಲಿಯಲು ಹದಿನೈದು ಜನ ಬರುತ್ತಾರೆ, ಬೆಳಿಗ್ಗೆ ಎಂಟಕ್ಕೆ ಅಷ್ಟೂ ಜನಕ್ಕೆ ತಿಂಡಿ ಆಗಬೇಕು. ಹೋದ ವರ್ಷ ಆ ಮೂರು ವಾರ 170 ದಾಟಲಿಲ್ಲ. ಈ ಸಲ ಅಡುಗೆಗೆ ದಿನಕ್ಕೆ 500 ಕೊಟ್ಟು ಒಬ್ಬರನ್ನು ಗೊತ್ತುಮಾಡಿದ್ದೇನೆ. ಅತ್ತೆಗೆ ಇನ್ನೂ ಹೇಳಿಲ್ಲ.